ಬೃಹತ್ಸುರುಳಿ ಮೀಮಾಂಸೆ

ಪ್ರಾಚೀನ ಗ್ರಂಥಕಾರರ ಪದ್ಧತಿಯಂತೆ ಮೊದಲಿಗೆ ಅನುಬಂಧ ಚತುಷ್ಟಯ. ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಈ ಶಾಸ್ತ್ರದ ವಿಷಯ, ನೆಲದೊಳಗಿನ ಲೋಹ. ಪ್ರಯೋಜನ, ನಿಧಿ. ಇವೆರಡರ ನಡುವಿನ ಸಂಬಂಧ ಬಹಳ ದೂರದ್ದು. ಅದನ್ನು ಮುಂದೆ ನಿರೂಪಿಸಲಾಗುವುದು. ಗಟ್ಟಿ ಹೆಗಲು, ಬಗ್ಗಲು ಒಪ್ಪುವ ಸೊಂಟ, ಹೊಲದ ಯಜಮಾನನ ಅನುಮತಿ, ಈ ಮೂರೂ ಉಳ್ಳವನೇ ಅಧಿಕಾರಿ. ಮೂರನೆಯದು ಇಲ್ಲದವನನ್ನು ಇಂಗ್ಲೆಂಡಿನ ಪೊಲೀಸರು ಬೇರೆ ಹೆಸರಿನಿಂದ ಕರೆಯುತ್ತಾರೆ.

ಮೆಟಲ್ ಡಿಟೆಕ್ಟರಿನ ತತ್ತ್ವ ಸರಳ. ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ನೆಲಕ್ಕಿಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೂ ವಿದ್ಯುತ್ತು ಸುಳಿಸುಳಿಯಾಗಿ ಹುಟ್ಟಿ, ತನ್ನದೇ ಚಿಕ್ಕ ಕಾಂತಕ್ಷೇತ್ರದಿಂದ ಮೇಲಕ್ಕೆ ಓಗೊಡುತ್ತದೆ. ಯಂತ್ರ ಕೀಂ ಎನ್ನುತ್ತದೆ. ತಾರ್ಕಿಕರು ಪ್ರತ್ಯಕ್ಷ, ಅನುಮಾನಗಳೆಂದು ಕಾದಾಡಿದರು. ಈ ದರ್ಶನದಲ್ಲಿ ಶಬ್ದವೊಂದೇ ಪ್ರಮಾಣ. ಪ್ರತ್ಯಕ್ಷವಾದದ್ದು ಬಹುಪಾಲು ಮೊಳೆ.

ಇಲ್ಲಿ ಪೂರ್ವಪಕ್ಷಿ ಹೀಗೆನ್ನುತ್ತಾನೆ: 8 ಇಂಚಿನ ಸುರುಳಿಗೆ ಎಟುಕದ್ದು 15 ಇಂಚಿನದಕ್ಕೆ ಎಟುಕುತ್ತದೆ, ಆದ್ದರಿಂದ ದೊಡ್ಡದನ್ನೇ ಕೊಳ್ಳತಕ್ಕದ್ದು. (ಈತ ಸಾಮಾನ್ಯವಾಗಿ ಸುರುಳಿ ಮಾರುವವನೇ ಆಗಿರುತ್ತಾನೆ.) ಸಿದ್ಧಾಂತಿಯ ಉತ್ತರ: ಎಟುಕುವುದು ನಿಜ, ಆದರೆ ಬಿಂದಿಗೆಯಂಥ ದೊಡ್ಡ ವಸ್ತು ಮಾತ್ರ. ಸುರುಳಿಯ ಅಗಲಕ್ಕಿಂತ ಎಷ್ಟೋ ಆಳದಲ್ಲಿರುವ ಚಿಕ್ಕ ನಾಣ್ಯದ ಓಗೊಡುವಿಕೆ, ಆಳ ಎರಡು ಪಟ್ಟಾದರೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಾಗಿ ಅಗಲವಾದ ಸುರುಳಿಯ ಕೆಳಗೆ ಒಂದೇ ಸಲಕ್ಕೆ ನಾಲ್ಕು ಮೊಳೆ, ಒಂದು ಲಾಳ, ನಡುವೆ ಒಂದು ರೋಮನ್ ನಾಣ್ಯ ಬಂದು ಕೂತರೆ, ಮೊಳೆಗಳು ನಾಣ್ಯದ ದನಿಯನ್ನೇ ನುಂಗಿಬಿಡುತ್ತವೆ. ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಕೊಂಡಿಯಂತೂ ಬಂಗಾರದ ಉಂಗುರದ ಸ್ವರದಲ್ಲೇ ಹಾಡುತ್ತದೆ. ಇದನ್ನು ಈ ಶಾಸ್ತ್ರದಲ್ಲಿ ಮಾಯೆ ಎನ್ನಬಹುದು.

ಸಂಪ್ರದಾಯದ ಆದಿಯನ್ನೂ ನೋಡಬೇಕು. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿದಾಗ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದನ್ನು ಹುಡುಕಲು ಇಂಥದೇ ಯಂತ್ರ ಹೊತ್ತು ಬಂದರು. ವೈದ್ಯರು ಗುಂಡು ಬಲಕ್ಕಿದೆಯೆಂದು ಹಟ ಹಿಡಿದಿದ್ದರು, ಅದು ಎಡಕ್ಕಿತ್ತು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳೂ ಸೇರಿ ಗೊಂದಲ ಹೆಚ್ಚಿಸಿದವು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಎಲ್ಲಿ ಹುಡುಕಬೇಕೆಂದು ಮೊದಲೇ ಗೊತ್ತಿದ್ದವರಿಂದ ಶಾಸ್ತ್ರಕ್ಕೆ ಆದ ಹಾನಿಗೆ ಇದು ಮೊದಲ ದೃಷ್ಟಾಂತ.

ಈಗ ಮುಖ್ಯ ದೃಷ್ಟಾಂತ. 1992ರ ನವೆಂಬರ್ 16, ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಾಕ್ಸನ್ ಗ್ರಾಮ. ರೈತ ಪೀಟರ್ ವಾಟ್ಲಿಂಗ್ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡಿದ್ದರು. ಹುಡುಕಿಕೊಡಲು ಬಂದವರು ಎರಿಕ್ ಲಾಸ್, ನಿವೃತ್ತ ತೋಟಗಾರ. ಸುತ್ತಿಗೆಯ ಬದಲು ಸಿಕ್ಕಿದ್ದು ರೋಮನ್ ಕಾಲದ 14,865 ನಾಣ್ಯ, ಜೊತೆಗೆ ಬಂಗಾರದ ಒಡವೆ, ಬೆಳ್ಳಿಯ ಚಮಚಗಳು. ನಿಧಿ ಕಂಡವನು ಸಾಮಾನ್ಯವಾಗಿ ರಾತ್ರೋರಾತ್ರಿ ಅಗೆಯುತ್ತಾನೆ. ಲಾಸ್ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಹೀಗಾಗಿ ಪುರಾತತ್ತ್ವಜ್ಞರು ನಿಧಿಯಿದ್ದ ಪೆಟ್ಟಿಗೆಯಲ್ಲಿ ಯಾವುದರ ಪಕ್ಕ ಯಾವುದಿತ್ತೆಂಬುದನ್ನೂ ಓದಲು ಸಾಧ್ಯವಾಯಿತು. ಸಂದ ಬಹುಮಾನ 17.5 ಲಕ್ಷ ಪೌಂಡು. ಲಾಸ್ ಅದನ್ನು ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ನಿಧಿಯ ಜೊತೆ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಇದರಿಂದ ಫಲಿತವಾಗುವ ಪ್ರಮೇಯ: ನಿಧಿಪ್ರಾಪ್ತಿಗೆ ಸುರುಳಿಯ ಗಾತ್ರ ಕಾರಣವಲ್ಲ, ಕಳೆದುಹೋದ ಸುತ್ತಿಗೆ ಕಾರಣ. ಪ್ರಯೋಗ ಮಾಡಬಯಸುವವರು ಹೆಚ್ಚು ಬೆಲೆಯಿಲ್ಲದ ಸುತ್ತಿಗೆಯೊಂದನ್ನು ಸ್ನೇಹಿತರ ಹೊಲದಲ್ಲಿ ಮೊದಲು ಕಳೆದುಕೊಳ್ಳಲಿ.

ನಮ್ಮ ದೇಶದ ಜಿಜ್ಞಾಸುಗಳಿಗೆ ಒಂದು ಮಾತು. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿ. ಮೊಳೆಗಳನ್ನು ನೀವೇ ಇಟ್ಟುಕೊಳ್ಳಿ.