ಮರಿಯ ಹೊಟ್ಟೆ ಮುಸುರೆ ಬಾನಿ ಅಲ್ಲ ಕಣ್ಲಾ

“ಅಲ್ಲ ಕಣಣ್ಣೋ, ಎಥನಾಲ್ ಕಾರ್ಖಾನೆಯೋರು ಮೆಕ್ಕೆಜೋಳಕ್ಕೆ ಬಾಯಿ ಹಾಕಿದ ಮ್ಯಾಲೆ ನಮ್ಮ ಹಂದಿ ಪಾಡು ಯಾರು ಕೇಳೋರು?” ಬೇಲಿಯಾಚೆಯಿಂದ ಪಕ್ಕದ ಮನೆಯವನ ರಾಗ ಶುರುವಾಯಿತು. ತಾಯಿಯಿಂದ ಆಗಷ್ಟೇ ಬಿಡಿಸಿದ ಯಾರ್ಕ್‌ಷೈರ್ ಮರಿಗಳು ಹಿತ್ತಿಲು ಹಾರಿಹೋಗುವಂತೆ ಕಿರುಚುತ್ತಿದ್ದವು. ಫೀಡ್ ಮೂಟೆ ತರಲು ಈ ಪುಣ್ಯಾತ್ಮನಿಗೆ ಕೈ ಬರದು. ಮಂಡ್ಯದಲ್ಲಿ ಕೂತು ಮೇವಿಗೆ ದುಡ್ಡು ಸುರಿಯೋದಾ ಅನ್ನುವ ಜಂಬ. ಜಂಬಕ್ಕೂ ಕಾರಣವಿದೆ ಅನ್ನಿ. ರೈಸ್‌ಮಿಲ್ಲಿನ ತೌಡು, ನುಚ್ಚು, ಹೋಟೆಲಿನ ಮುಸುರೆ, ಎಲ್ಲ ಕೂಗಳತೆಯಲ್ಲೇ. ಇನ್ನು ಕಾಕಂಬಿ? 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಹುಟ್ಟಿದಾಗಿನಿಂದ ಅದರ ವಾಸನೆ ಕುಡಿದೇ ಬೆಳೆದ ಸೀಮೆ ಇದು.

“ದೊಡ್ಡ ಹಂದಿ ಏನು ಹಾಕಿದರೂ ತಿಂದು ಬಿದ್ದಿರ್ತದೆ. ಮರಿ ಹಂಗಲ್ಲ ಕಣ್ಲಾ” ಅಂದೆ. ಹಾಲು ಅರಗಿಸೋಕೆ ಮರಿಯ ಹೊಟ್ಟೆ ಹುಟ್ಟುತ್ತಲೇ ಸಿದ್ಧ. ಹಿಟ್ಟು, ಹಿಂಡಿ ಅರಗಿಸುವ ಶಕ್ತಿ ಮಾತ್ರ ವಾರಗಟ್ಟಲೆ ಮೆಲ್ಲಗೆ ಬರಬೇಕು. ಅರಗದೆ ಉಳಿದದ್ದು ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಔತಣ. ಬೆಳಗಾಗುವಷ್ಟರಲ್ಲಿ ಹಂದಿಮನೆಯೆಲ್ಲ ಭೇದಿ.

“ಕಾಕಂಬಿ ಸಿಹಿ ಅಲ್ವಾ? ನೆಕ್ಕ್ತವೆ!”

“ನೆಕ್ಕ್ತವೆ, ಆಮೇಲೆ ನೀನು ತೊಳೀತೀಯ. ರುಚಿಗೆ ನೂರು ಕೆಜಿ ಮೇವಿಗೆ ಎರಡು ಮೂರು ಕೆಜಿ ಸಾಕು.” ತೌಡಿನದು ಇನ್ನೊಂದು ಕಥೆ. ಅಕ್ಕಿಯಿಂದ ಬೇರೆಯಾದ ಕ್ಷಣದಿಂದ ಅದರ ಎಣ್ಣೆ ಕೆಡತೊಡಗುತ್ತದೆ. ಹಿಡಿ ತೌಡು ಮೂಗಿಗೆ ಹಿಡಿದು, ಕಮಟು ಹೊಡೆದರೆ ಮರಿಗೆ ಬೇಡ. ಮುಸುರೆಯಂತೂ ಚೆನ್ನಾಗಿ ಕುದಿಸದೆ ಯಾವ ಹಂದಿಗೂ ಸಲ್ಲದು. 2020ರಲ್ಲಿ ಅಸ್ಸಾಮಿಗೆ ಬಂದ ಆಫ್ರಿಕನ್ ಹಂದಿ ಜ್ವರ ಹರಡುವ ದಾರಿಗಳಲ್ಲಿ ಎಂಜಲು ಮಾಂಸವೂ ಒಂದು. ಕುದಿಸಿದರೂ ಉಪ್ಪು ಹೋಗುವುದಿಲ್ಲ. ಮದ್ದೂರು ವಡೆ ಚೂರು ನಮಗೇ ಇರಲಿ.

“ಹಂಗಾರೆ ಏನ್ ಹಾಕನಣ್ಣ, ಗಾಳಿನಾ?”

ನನ್ನ ಕಣ್ಣಿರುವುದು ರೇಷ್ಮೆ ಹುಳದ ಮೇಲೆ. ಮಳವಳ್ಳಿ, ಮದ್ದೂರಿನ ಗೂಡು ರಾಮನಗರದ ಮಾರುಕಟ್ಟೆ ಸೇರುತ್ತದೆ. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ಕಂದು ಪ್ಯೂಪ ನೋಡಲು ಏನೂ ಅಲ್ಲ. ಒಣಗಿಸಿದರೆ ಅರ್ಧಕ್ಕರ್ಧ ಪ್ರೋಟೀನು, ಅದೂ ಬೆಳೆಯುವ ಮರಿಗೆ ಬೇಕಾದ ಲೈಸಿನ್ ತುಂಬಿದ್ದು. ಕಾಲು ಭಾಗದಷ್ಟು ಎಣ್ಣೆ ಬೇರೆ, ಹಾಗಾಗಿಯೇ ಬೇಗ ಕೆಡುತ್ತದೆ. ಎಣ್ಣೆ ತೆಗೆದ ಪುಡಿಯಾದರೆ ಉತ್ತಮ. ಸೋಯಾ ಹಿಂಡಿಯನ್ನು ಪೂರ್ತಿ ಬಿಡಬೇಕಿಲ್ಲ, ಅದರಲ್ಲಿ ಸ್ವಲ್ಪ ತೆಗೆದು ಇದನ್ನು ಸೇರಿಸಿದರಾಯಿತು. ಮಾರುವ ಹೊತ್ತಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಮಾಂಸಕ್ಕೂ ವಾಸನೆ ಅಂಟೀತು.

“ನೂರು ಕೆಜಿಗೆ ಎಷ್ಟು?”

“ಶುರುವಿಗೆ ಐದು ದಾಟಬೇಡ. ಹಳೇ ಮೇವಿನ ಜೊತೆ ಬೆರೆಸಿ, ದಿನಾ ಚೂರು ಚೂರು ಏರಿಸು. ಸಗಣಿ ನೋಡ್ತಿರು.”

ತಲೆ ಕೆರೆದುಕೊಂಡ. “ಚೀಲಾನ ನಿಮ್ಮ ಕಾರಲ್ಲೇ ತಂದ್ಬುಡನ್ವಾ ಅಣ್ಣ?”

ಕಾರು ಸರ್ವೀಸಿಗೆ ಹೋಗಿದೆ ಎಂದು ಹೇಳಿ ಒಳಗೆ ಬಂದೆ.