ಪುಕ್ಕಟೆ ಟಿವಿ ಮೀಮಾಂಸೆ

ಗ್ರಂಥಾರಂಭ

ಡಿಟಿಎಚ್ ರೀಚಾರ್ಜ್ ನಿಲ್ಲಿಸಿದ ಗೃಹಸ್ಥನು ಮುಂದೆ ಏನನ್ನು ನೋಡಬೇಕು, ಯಾವುದರಲ್ಲಿ ನೋಡಬೇಕು, ಮನೆಯಲ್ಲಿ ಯಾರಿಗೆ ಹೆದರಿ ನೋಡಬೇಕು ಎಂಬುದನ್ನು ನಿರ್ಣಯಿಸುವ ಶಾಸ್ತ್ರಗ್ರಂಥವೊಂದು ಕನ್ನಡದಲ್ಲಿ ಇಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಅಂಗಾಂಗವಾರು ಪಟ್ಟಿ ಮಾಡಿಟ್ಟವರು ನಾವು. ರಿಮೋಟ್ ಕೈತಪ್ಪಿದರೆ ಏನು ಫಲ ಎಂದು ಬರೆಯದೆ ಬಿಟ್ಟಿದ್ದೇವೆ. ಆ ಲೋಪವನ್ನು ತುಂಬುವುದೇ ಈ ಕಿರುಹೊತ್ತಗೆಯ ಉದ್ದೇಶ.

ಶಾಸ್ತ್ರವೆಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅಂಗಗಳಿರಬೇಕು. ಇಲ್ಲಿ ವಿಷಯ, ಪುಕ್ಕಟೆ ಟಿವಿ. ಪ್ರಯೋಜನ, ಮನಶ್ಶಾಂತಿ. ಇವೆರಡಕ್ಕೂ ಏನಾದರೂ ಸಂಬಂಧ ಇದೆಯೇ ಎಂಬುದು ಪೂರ್ವಪಕ್ಷದಲ್ಲಿ ತಿಳಿಯುತ್ತದೆ. ಉಳಿದದ್ದು ಅಧಿಕಾರಿ.

ಸೂತ್ರ 1: ಏಳು ಗಂಟೆ ದಾಟಿಯೂ ಕರಗದವನು ಅಧಿಕಾರಿ.

ಭಾಷ್ಯ: ಪುರಾಣ ವೈರಾಗ್ಯ, ಪ್ರಸವ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ಹಿರಿಯರು ಮೂರನ್ನು ಹೇಳಿದರು. ನಾಲ್ಕನೆಯದಾದ ರೀಚಾರ್ಜ್ ವೈರಾಗ್ಯ ಅವರಿಗೆ ಗೋಚರಿಸಲಿಲ್ಲ. ಇದು ಪ್ಯಾಕ್ ಮುಗಿಯುತ್ತಿದೆ ಎಂಬ ಎಸ್‌ಎಂಎಸ್‌ನಿಂದ ಹುಟ್ಟಿ, ಪರದೆಯ ಮೇಲೆ ಬಾಕಿಯ ಚೌಕ ಮೂಡಿದಾಗ ಬಲಿತು, ಸಂಜೆ ಏಳಕ್ಕೆ ಧಾರಾವಾಹಿಯ ಹೊತ್ತಾಗುತ್ತಲೇ ಕರಗಿಹೋಗುತ್ತದೆ. ಹಾಗೆ ಕರಗದೆ ಉಳಿದವನಿಗೆ ಮಾತ್ರ ಮುಂದಿನ ಅಧ್ಯಾಯಗಳನ್ನು ಓದುವ ಹಕ್ಕಿದೆ. ಉಳಿದವರು ಇಲ್ಲಿಗೇ ಪುಸ್ತಕ ಮಡಚಿ ಯುಪಿಐ ತೆರೆಯಬಹುದು.

ವೈರಾಗ್ಯಕಾರಣ ನಿರೂಪಣೆ

ಕಾರ್ಯವಿದ್ದಲ್ಲಿ ಕಾರಣವಿರಬೇಕು. ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರ ಫೆಬ್ರುವರಿಯಿಂದ ಜಾರಿಗೆ ತಂದ ದರವ್ಯವಸ್ಥೆಯಲ್ಲಿ ಮೊದಲ 100 ವಾಹಿನಿಗಳನ್ನು ಮನೆಗೆ ಮುಟ್ಟಿಸುವ ಶುಲ್ಕ ಗರಿಷ್ಠ 130 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಕಾಸು ಕೇಳುವ ವಾಹಿನಿಗಳ ಬೆಲೆ ಇದರ ಮೇಲೆ ಬೇರೆ. ಆ ನೂರರೊಳಗೆ ದೂರದರ್ಶನದ ವಾಹಿನಿಗಳು ಕಡ್ಡಾಯವಾಗಿ ಸೇರಿದ್ದವು. ಆದ್ದರಿಂದ ಚಂದನವೊಂದನ್ನೇ ನೋಡುವ ಸಾತ್ವಿಕನೂ ಉಚಿತ ಚಂದನಕ್ಕೆ 153 ರೂಪಾಯಿ 40 ಪೈಸೆ ತೆರುತ್ತಿದ್ದ. ತರ್ಕಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲದ ಕಾರಣ ನಾವು ‘ಸಶುಲ್ಕ ನಿಃಶುಲ್ಕ ನ್ಯಾಯ’ ಎಂದು ಕರೆಯುತ್ತೇವೆ.

2020ರ ಪರಿಷ್ಕರಣೆಯಲ್ಲಿ ಅದೇ ಹಣಕ್ಕೆ 200 ವಾಹಿನಿಗಳಾದವು. ನೋಡುವ ಕಣ್ಣು ಮಾತ್ರ ಎರಡೇ ಉಳಿದವು. 2024ರಲ್ಲಿ ಈ ಶುಲ್ಕದ ಮೇಲಿದ್ದ ಮಿತಿಯನ್ನೇ ಟ್ರಾಯ್ ತೆಗೆದುಹಾಕಿತು. ಇಷ್ಟಾದ ಮೇಲೂ ವೈರಾಗ್ಯ ಬಾರದಿದ್ದರೆ ಆತ ಸ್ಥಿತಪ್ರಜ್ಞ, ಇಲ್ಲವೇ ಅವನ ರೀಚಾರ್ಜನ್ನು ಅಳಿಯ ಮಾಡಿಸುತ್ತಿದ್ದಾನೆ.

ಇತಿಹಾಸ ಖಂಡ

ಸೂತ್ರ 2: ಪುಕ್ಕಟೆಯು ಅನಾದಿ, ಆದರೆ ನಿತ್ಯವಲ್ಲ.

ಭಾಷ್ಯ: ಉಪಗ್ರಹದಿಂದ ನೇರ ಮನೆಗೆ ಟಿವಿ ಎಂಬುದು ನಿನ್ನೆ ಮೊನ್ನೆಯ ಸಂಗತಿ ಎಂದು ಬೆಂಗಳೂರಿನವರು ನಂಬಿದ್ದಾರೆ. ಕಲಬುರಗಿಯವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. 1975ರ ಆಗಸ್ಟ್ 1ರಂದು ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ‘ಸೈಟ್’ ಎಂಬ ಪ್ರಯೋಗ ಆರಂಭಿಸಿದಾಗ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳೂ ಇದ್ದವು. ಕೋಳಿ ಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ ಹತ್ತಡಿಯ ಆಂಟೆನಾ, ಊರಿಗೊಂದು ಟಿವಿ, ಕನ್ನಡದಲ್ಲಿ ಕಾರ್ಯಕ್ರಮ. ಅಂದರೆ ತೊಗರಿ ಹೊಲದ ರೈತ ಪುಕ್ಕಟೆಯಾಗಿ ಉಪಗ್ರಹ ಟಿವಿ ನೋಡುತ್ತಿದ್ದ ಕಾಲಕ್ಕೆ ರಾಜಧಾನಿಯಲ್ಲಿ ಟಿವಿ ಕೇಂದ್ರವೇ ಇರಲಿಲ್ಲ. ನಂಜುಂಡಪ್ಪ ವರದಿಯು ಪ್ರಾದೇಶಿಕ ಅಸಮತೋಲನವನ್ನು ಎಲ್ಲ ಕೋನಗಳಿಂದ ಅಳೆದಿದೆ. ಈ ಒಂದು ಕೋನದಿಂದ ಮಾತ್ರ ಬೆಂಗಳೂರು ಹಿಂದುಳಿದ ಪ್ರದೇಶ.

ಒಂದು ವರ್ಷ ಕಳೆದು 1976ರ ಜುಲೈ 31ಕ್ಕೆ ಎರವಲು ತೀರಿತು. ಉಪಗ್ರಹ ತನ್ನ ತವರಿನ ಕಡೆಗೆ ಸರಿದುಹೋಯಿತು. ಗ್ರಾಹಕ ಕಂಪನಿಯನ್ನು ಬಿಡುವುದನ್ನು ನಾವು ಈಗ ಕಾಣುತ್ತೇವೆ. ಅಂದು ಉಪಗ್ರಹವೇ ಗ್ರಾಹಕರನ್ನು ಬಿಟ್ಟುಹೋಯಿತು. 1977ರಲ್ಲಿ ಕಲಬುರಗಿಯಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದು ಆ ವಿರಹ ತಣಿಯಿತು. ಬೆಂಗಳೂರಿಗೆ ಟಿವಿ ಬಂದದ್ದು 1981ರಲ್ಲಿ.

ಆಗಲೂ ಅದು ಪೂರ್ತಿ ಪುಕ್ಕಟೆಯಾಗಿರಲಿಲ್ಲ. ರೇಡಿಯೊ, ಟಿವಿ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ ಹಣ ಕಟ್ಟಬೇಕಿತ್ತು. 1985ರಲ್ಲಿ ಆ ಲೈಸೆನ್ಸ್ ರದ್ದಾಯಿತು. ಅಲ್ಲಿಂದ ಕೇಬಲ್ ಹುಡುಗ ಸೈಕಲ್ ಏರಿ ಬರುವವರೆಗಿನ ಅವಧಿಯನ್ನು ಪುಕ್ಕಟೆಯ ಸುವರ್ಣಯುಗವೆಂದು ಗುರುತಿಸತಕ್ಕದ್ದು.

ಪಂಥ ಖಂಡ

ರೀಚಾರ್ಜ್ ತ್ಯಜಿಸಿದವನ ಮುಂದೆ ಇಂದು ನಾಲ್ಕು ಪಂಥಗಳಿವೆ.

ಮೊದಲನೆಯದು ಆಂಟೆನಾ ಪಂಥ. ಮಾಳಿಗೆಯ ಮೇಲಿನ ಮೀನಿನ ಮುಳ್ಳಿನಂಥ ಆಂಟೆನಾವನ್ನು ಒಬ್ಬ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು ಇದರ ಮುಖ್ಯ ಆಚರಣೆ. ದೂರದರ್ಶನವು 2022ರ ಹೊತ್ತಿಗೆ ಆಯಕಟ್ಟಿನ ಕೆಲವು ಜಾಗಗಳನ್ನು ಬಿಟ್ಟು ತನ್ನ ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿದ್ದರಿಂದ ಈ ಪಂಥದಲ್ಲೀಗ ಕಾಗೆಗಳು ಮಾತ್ರ ಉಳಿದಿವೆ. ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ 2016ರಿಂದ ಡಿಜಿಟಲ್ ನೆಲಪ್ರಸಾರ ಇದೆ. ಅದನ್ನು ಹಿಡಿಯಬಲ್ಲ ಟ್ಯೂನರ್ ಟಿವಿಯಲ್ಲಿ ಇರಬೇಕು, ಅದು ಇದೆಯೆಂದು ಮನೆಯ ಯಜಮಾನನಿಗೆ ಗೊತ್ತಿರಬೇಕು. ಇವೆರಡೂ ಒಟ್ಟಿಗೆ ಕೂಡಿಬರುವುದು ಅಪರೂಪದ ಯೋಗ.

ಎರಡನೆಯದು ಫ್ರೀ ಡಿಶ್ ಪಂಥ. ಇದೇ ಪ್ರಧಾನ. 2004ರ ಡಿಸೆಂಬರ್‌ನಲ್ಲಿ ಪ್ರಸಾರ ಭಾರತಿಯು ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಆರಂಭಿಸಿದ್ದು ಮುಂದೆ ಡಿಡಿ ಫ್ರೀ ಡಿಶ್ ಎನಿಸಿಕೊಂಡಿತು. ಸೆಟ್‌ಟಾಪ್ ಬಾಕ್ಸಿಗೆ ಒಮ್ಮೆ ಹಣ ತೆತ್ತರೆ ತಿಂಗಳ ಕಂತು ಇಲ್ಲ. ಹಳೆಯ ಕಂಪನಿಯ ಬಾಕ್ಸ್ ಇಲ್ಲಿ ಉಪಯೋಗಕ್ಕೆ ಬಾರದು. ಅದು ಪತಿವ್ರತೆ, ಅನ್ಯ ಸಿಗ್ನಲನ್ನು ಕಣ್ಣೆತ್ತಿಯೂ ನೋಡದು. ಆದರೆ ಹಳೆಯ ಡಿಶ್, ಅದರ ಮೂತಿಯಲ್ಲಿರುವ ಎಲ್‌ಎನ್‌ಬಿ, ಕೆಳಗಿಳಿದ ಕೇಬಲ್ ಸಾಮಾನ್ಯವಾಗಿ ಸಲ್ಲುತ್ತವೆ. ಹೊಸ ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಬಾಕ್ಸನ್ನೇ ಕೇಳಿ ಪಡೆಯತಕ್ಕದ್ದು. ಎಂಪೆಗ್-2ರದು ಅಗ್ಗವೆಂದು ತಂದವನು ಕೆಲವು ವಾಹಿನಿಗಳ ಹೆಸರನ್ನು ಮಾತ್ರ ಕೇಳಿ ತೃಪ್ತನಾಗಬೇಕಾಗುತ್ತದೆ.

ಇಲ್ಲಿ ದಿಕ್ಕಿನ ಜಿಜ್ಞಾಸೆ ಏಳುತ್ತದೆ. ಫ್ರೀ ಡಿಶ್ ಇಳಿಯುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಅದು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಬೆಂಗಳೂರಿನ ಮಾಳಿಗೆಯಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲಕ್ಕೆ. ವಾಸ್ತುವಿನ ಪ್ರಕಾರ ಆಗ್ನೇಯ ಅಗ್ನಿಮೂಲೆ, ಅಡುಗೆಮನೆಯ ಸ್ಥಾನ. ಪುಕ್ಕಟೆ ಟಿವಿಯಲ್ಲಿ ಬರುವ ಅತ್ತೆ ಸೊಸೆಯರ ಜಗಳಕ್ಕೆ ಇಷ್ಟು ಕಾವು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಕ್ಕಂತಾಯಿತು. ಮಳೆ ಜೋರಾದಾಗ ಕೆಯು ಬ್ಯಾಂಡಿನ ಅಲೆಗಳನ್ನು ನೀರು ಹೀರಿಕೊಂಡು ಚಿತ್ರ ಚೂರುಚೂರಾಗುವುದುಂಟು. ಆಗುಂಬೆಯ ಆಷಾಢದಲ್ಲಿ ಹಣ ಕಟ್ಟಿದವನೂ ಕಟ್ಟದವನೂ ಸಮಾನವಾಗಿ ‘ನೋ ಸಿಗ್ನಲ್’ ನೋಡುತ್ತಾರೆ. ಸಮಾಜವಾದವನ್ನು ಜಾರಿಗೆ ತಂದ ಕೀರ್ತಿ ಮುಂಗಾರಿನದು.

ಮೂರನೆಯದು ಅಂತರ್ಜಾಲ ಪಂಥ. ಕನ್ನಡದ ಸುದ್ದಿ ವಾಹಿನಿಗಳು ಯೂಟ್ಯೂಬಿನಲ್ಲಿ ನೇರಪ್ರಸಾರಗೊಳ್ಳುತ್ತವೆ. ಒಬ್ಬರೇ ಎಂಟು ಚೌಕಗಳಲ್ಲಿ ಕಿರುಚುವುದನ್ನು ನೋಡಲು ಹಣ ಕೊಡಬೇಕಿಲ್ಲ. ಕೆಲವು ಸ್ಮಾರ್ಟ್ ಟಿವಿಗಳೊಳಗೆ ತಯಾರಕರೇ ಉಚಿತ ವಾಹಿನಿಗಳ ಗೊಂಚಲನ್ನು ಇಟ್ಟು ಕಳಿಸುತ್ತಾರೆ. ಪ್ರಸಾರ ಭಾರತಿಯೂ 2024ರ ನವೆಂಬರ್‌ನಲ್ಲಿ ಗೋವಾದ ಚಲನಚಿತ್ರೋತ್ಸವದಲ್ಲಿ ‘ವೇವ್ಸ್’ ಎಂಬ ಆ್ಯಪನ್ನು ತಂದಿತು. ಈ ಪಂಥದ ದೋಷವೆಂದರೆ ಡೇಟಾಗೆ ಕಾಸು ಬೇಕು. ಡಿಶ್ ರೀಚಾರ್ಜ್ ಬಿಟ್ಟವನು ಮೊಬೈಲ್ ರೀಚಾರ್ಜಿನ ಬಾಗಿಲಲ್ಲಿ ನಿಂತಿರುತ್ತಾನೆ. ಪುನರ್ಜನ್ಮವೆಂದರೆ ಇದೇ.

ನಾಲ್ಕನೆಯದು ನೆರೆಮನೆ ಪಂಥ. 1987ರಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದಾಗ ಇದು ಉಚ್ಛ್ರಾಯದಲ್ಲಿತ್ತು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ನೆರೆಮನೆಯವರ ಹೆಸರೇ ಗೊತ್ತಿಲ್ಲದ ಕಾರಣ ಈ ಪಂಥವನ್ನು ಲುಪ್ತವೆಂದು ಘೋಷಿಸಲಾಗಿದೆ.

ಕ್ರೀಡಾ ಪರಿಚ್ಛೇದ

ಸೂತ್ರ 3: ಕೊಟ್ಟವನಿಗೆ ಇಲ್ಲದ್ದು ಕೊಡದವನಿಗೆ ಉಂಟು.

ಭಾಷ್ಯ: 2007ರ ಕಾಯ್ದೆಯೊಂದರ ಪ್ರಕಾರ ರಾಷ್ಟ್ರೀಯ ಮಹತ್ವದ ಕ್ರೀಡೆಗಳ ನೇರಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಭಾರತ ತಂಡ ಆಡುವ ಏಕದಿನ ಪಂದ್ಯಗಳು ಈ ಪಟ್ಟಿಯಲ್ಲಿವೆ. ಹಾಗೆ ಹಂಚಿಕೊಂಡದ್ದನ್ನು ದೂರದರ್ಶನ ತನ್ನ ನೆಲಪ್ರಸಾರದಲ್ಲೂ ಫ್ರೀ ಡಿಶ್‌ನಲ್ಲೂ ತೋರಿಸಬಹುದೇ ಹೊರತು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗಳ ಮೂಲಕ ಹೋಗುವ ದೂರದರ್ಶನ ವಾಹಿನಿಯಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಹೀಗಾಗಿ ಒಂದೇ ವಾಹಿನಿ, ಒಂದೇ ಹೊತ್ತು. ಕಾಸು ಕೊಡದವನ ಮನೆಯಲ್ಲಿ ಸಿಕ್ಸರ್, ಕಾಸು ಕೊಟ್ಟವನ ಮನೆಯಲ್ಲಿ ಬೇರೇನೋ. ಲೋಕದಲ್ಲಿ ಹಣಕ್ಕೆ ಬೆಲೆಯಿಲ್ಲದ ಜಾಗವನ್ನು ಹುಡುಕುತ್ತಿರುವ ವೇದಾಂತಿಗಳು ಇದನ್ನು ಗಮನಿಸತಕ್ಕದ್ದು.

ಐಪಿಎಲ್ ಮಾತ್ರ ಆ ಪಟ್ಟಿಯಲ್ಲಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬುದು ಕನ್ನಡಿಗನಿಗೆ ಎಷ್ಟೇ ಮಹತ್ವದ್ದಾದರೂ ಸರ್ಕಾರದ ಲೆಕ್ಕದಲ್ಲಿ ಅದು ಗೃಹಕೃತ್ಯ. 2023ರಲ್ಲಿ ಜಿಯೊಸಿನಿಮಾ ಐಪಿಎಲನ್ನು ಪುಕ್ಕಟೆ ತೋರಿಸಿದಾಗ ಅಂತರ್ಜಾಲ ಪಂಥೀಯರು ಇದೇ ಮೋಕ್ಷವೆಂದರು. ಅದು ರುಚಿ ಹತ್ತಿಸುವ ಪ್ರಸಾದವಾಗಿತ್ತು. ಎರಡನೆಯ ಸೂತ್ರವನ್ನು ಇಲ್ಲಿಗೆ ಅನ್ವಯಿಸಿಕೊಳ್ಳುವುದು.

ಪೂರ್ವಪಕ್ಷ

ಪೂರ್ವಪಕ್ಷವನ್ನು ಎತ್ತುವವರು ಗೃಹಸ್ಥನ ತಾಯಿ.

‘ಏನಪ್ಪಾ, ಟಿವಿ ಕೆಟ್ಟಿದ್ಯಾ?’

‘ಕೆಟ್ಟಿಲ್ಲಮ್ಮ, ಪುಕ್ಕಟೆ ಆಗಿದೆ.’

‘ಪುಕ್ಕಟೆ ಆದ್ರೆ ಹಿಂದೀಲಿ ಬರತ್ತಾ?’

‘ಚಂದನ ಇದೆಯಲ್ಲಮ್ಮ. ಥಟ್ ಅಂತ ಹೇಳಿ ಬರತ್ತೆ.’

‘ಅದು ನೋಡ್ತೀನಿ ಬಿಡು, ಸೋಮೇಶ್ವರ ಡಾಕ್ಟ್ರು ಚೆನ್ನಾಗಿ ಕೇಳ್ತಾರೆ. ಅದು ಮುಗಿದ ಮೇಲೆ? ಆ ಹುಡುಗಿಗೆ ತಾಳಿ ಕಟ್ಟೋದು ಯಾರು ಅಂತ ನಿನ್ನೆ ಅರ್ಧಕ್ಕೆ ನಿಂತಿದೆ. ಚಂದನದವರು ಹೇಳ್ತಾರಾ?’

ಗೃಹಸ್ಥನು ನಿರುತ್ತರನಾಗುತ್ತಾನೆ. ಎರಡು ದಶಕಗಳಿಂದ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತ ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿಯೂ ಈ ಪ್ರಶ್ನೆಗೆ ಉತ್ತರವಿಲ್ಲ.

ಸಿದ್ಧಾಂತ

ಸೂತ್ರ 4: ಯಾರೂ ಕೊಡದೆ ಯಾವುದೂ ಬಾರದು.

ಭಾಷ್ಯ: ತಾಯಿಯ ಎರಡನೆಯ ಮಾತಿನಲ್ಲಿಯೇ ಸಿದ್ಧಾಂತ ಅಡಗಿದೆ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗೆ ಜಾಗ ಸಿಗುವುದು ಹರಾಜಿನಲ್ಲಿ. ನೋಡುವವನು ಕೊಡದ ಹಣವನ್ನು ಅಲ್ಲಿ ವಾಹಿನಿಯೇ ಕೊಡುತ್ತದೆ. ವಾಹಿನಿಗೆ ಜಾಹೀರಾತುದಾರ ಕೊಡುತ್ತಾನೆ, ಅವನು ತಲೆ ಎಣಿಸಿ ಕೊಡುತ್ತಾನೆ. ಒಂದೇ ಹರಾಜಿನ ಹಣಕ್ಕೆ ಹೆಚ್ಚು ತಲೆ ಸಿಗುವುದು ಹಿಂದಿಯಲ್ಲಿ. ಆದ್ದರಿಂದ ಅಲ್ಲಿ ಹಿಂದಿಯ ಹಳೆಯ ಧಾರಾವಾಹಿ, ಹಿಂದಿಗೆ ಡಬ್ ಆದ ತೆಲುಗು ಚಿತ್ರ, ಅದೂ ಮುಗಿದರೆ ಹಿಂದಿಯಲ್ಲಿ ಮೊಣಕಾಲು ನೋವಿನ ತೈಲ. ಅಲ್ಲಿಯೂ ನಿಷ್ಠೆ ಶಾಶ್ವತವಲ್ಲ. 2019ರಲ್ಲಿ ಹೊಸ ದರ ಬಂದೊಡನೆ ದೊಡ್ಡ ಸಮೂಹಗಳು ತಮ್ಮ ವಾಹಿನಿಗಳನ್ನು ಫ್ರೀ ಡಿಶ್‌ನಿಂದ ಕಿತ್ತುಕೊಂಡು ಹೋದವು, 2020ರಲ್ಲಿ ಜಾಹೀರಾತು ಬೇಕೆನಿಸಿ ಮರಳಿದವು.

ಕನ್ನಡದ ಜನಪ್ರಿಯ ಮನರಂಜನಾ ವಾಹಿನಿಗಳ ಗಣಿತ ಬೇರೆ. ಅವಕ್ಕೆ ಕನ್ನಡದ ಮನೆಗಳು ತಿಂಗಳು ತಿಂಗಳು ಚಂದಾ ಕೊಡುತ್ತಿವೆ. ಕೊಡುವವರ ಮನೆಯಲ್ಲಿ ಕುಳಿತು ಉಣ್ಣುತ್ತಿರುವವನು ಹರಾಜಿನಲ್ಲಿ ಹಣ ಕಟ್ಟಿ, ಪುಕ್ಕಟೆ ಪಂಕ್ತಿಗೆ ಬಡಿಸಲು ಬರುವುದಿಲ್ಲ. ನಾವು ಕೊಡುತ್ತಿರುವುದರಿಂದಲೇ ಅವು ಪುಕ್ಕಟೆಯಾಗುತ್ತಿಲ್ಲ. ಕೊಡುವುದನ್ನು ಎಲ್ಲರೂ ನಿಲ್ಲಿಸಿದರೆ ಪುಕ್ಕಟೆಯಾಗುತ್ತವೆಯೋ, ಮುಚ್ಚಿಹೋಗುತ್ತವೆಯೋ ಎಂಬುದನ್ನು ಪರೀಕ್ಷಿಸುವ ಧೈರ್ಯ ಯಾವ ತಾಯಿಗೂ ಇಲ್ಲ.

ಆದ್ದರಿಂದ ನಿರ್ಣಯ ಹೀಗೆ. ಮನೆಯಲ್ಲಿ ಕ್ರಿಕೆಟ್ ನೋಡುವವರೇ ಹೆಚ್ಚಾಗಿದ್ದರೆ ಫ್ರೀ ಡಿಶ್ ಶ್ರೇಯಸ್ಕರ. ಬರೀ ಸುದ್ದಿಯವರಿದ್ದರೆ ಯೂಟ್ಯೂಬ್ ಸಾಕು, ರಕ್ತದೊತ್ತಡದ ಮಾತ್ರೆಯ ಖರ್ಚು ಬೇರೆ. ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಫ್ರೀ ಡಿಶ್‌ನಲ್ಲಿ ಪಾಠ ಹೇಳುವ ಸರ್ಕಾರಿ ವಾಹಿನಿಗಳ ಸಾಲೇ ಇದೆ, ಮಕ್ಕಳೇ ಟಿವಿ ಆರಿಸುತ್ತಾರೆ. ಚಂದನ ನೋಡುವವರಿಗೆ ಇನ್ನು 153 ರೂಪಾಯಿ 40 ಪೈಸೆಯ ಹಂಗಿಲ್ಲ. ಎಲ್ಲ ಬಗೆಯವರೂ ಒಂದೇ ಮನೆಯಲ್ಲಿದ್ದರೆ ರಿಮೋಟ್ ಯಾರ ಕೈಯಲ್ಲಿದೆಯೋ ಅವರ ಪಂಥವೇ ಆ ಮನೆಯ ಪಂಥ.

ಫಲಶ್ರುತಿ

ಈ ಮೀಮಾಂಸೆಯನ್ನು ಆಗ್ನೇಯಕ್ಕೆ ಮುಖ ಮಾಡಿ ಓದಿದವನ ಸಿಗ್ನಲ್ ಬಲ ಹೆಚ್ಚುತ್ತದೆ. ಮಾಳಿಗೆಯ ಮೇಲೆ ನಿಂತು ಓದಿದವನಿಗೆ ಎಲ್‌ಎನ್‌ಬಿ ತಿರುಚುವ ಕಲೆ ಕರಗತವಾಗುತ್ತದೆ. ಏಕದಿನ ಪಂದ್ಯದ ಹಿಂದಿನ ರಾತ್ರಿ ಓದಿದವನು ಹಣ ಕಟ್ಟಿದ ನೆರೆಯವನನ್ನು ತನ್ನ ಮನೆಗೆ ಕರೆದು ಕೂರಿಸುವ ಭಾಗ್ಯ ಪಡೆಯುತ್ತಾನೆ, ಲುಪ್ತವಾದ ನಾಲ್ಕನೆಯ ಪಂಥ ಅಂದಿನ ಮಟ್ಟಿಗೆ ಮರುಜೀವ ತಾಳುತ್ತದೆ. ತಾಳಿ ಕಟ್ಟಿದವನಾರೆಂದು ಅಮ್ಮನಿಗೆ ಕನ್ನಡದಲ್ಲೇ ತಿಳಿಯಬೇಕೆಂದು ಬಯಸಿ ಓದಿದವನಿಗೆ ಮಾತ್ರ ಈ ಗ್ರಂಥ ಫಲಿಸುವುದಿಲ್ಲ. ಅವನು ಏಳು ಗಂಟೆಯೊಳಗೆ ರೀಚಾರ್ಜ್ ಮಾಡಿಸತಕ್ಕದ್ದು.