ಕಾಯಿ ನಿಂತಿತು, ಫೆಲೋಶಿಪ್ಪೂ ನಿಂತಿತು

ನನ್ನ ಅಕ್ಕನ ಮಗಳು ಕಲ್ಲು ಓದುತ್ತಾಳೆ. ಮದುವೆಮನೆಯ ಪಂಕ್ತಿಯಲ್ಲಿ ಇಷ್ಟು ಹೇಳಿ ನೋಡಿ, ಪಕ್ಕದ ಎಲೆಯವರ ಕಣ್ಣು ಅರಳುತ್ತದೆ. “ಕ್ರಷರ್ರಾ, ಕ್ವಾರಿಯಾ?” ಎರಡೂ ಅಲ್ಲ, ಭೂವಿಜ್ಞಾನದಲ್ಲಿ ಸಂಶೋಧನೆ ಎಂದರೆ ಅರಳಿದ ಕಣ್ಣು ಮತ್ತೆ ಹೋಳಿಗೆಯ ಕಡೆಗೆ ಇಳಿಯುತ್ತದೆ. ಪಾಯಸ ಬರುವ ಹೊತ್ತಿಗೆ ಅವರಿಗೊಂದು ಉಪಾಯ ಹೊಳೆದಿರುತ್ತದೆ. “ಹಂಗಾದ್ರೆ ನಮ್ ತೋಟಕ್ಕೊಂದು ಬೋರ್ ಪಾಯಿಂಟ್ ಮಾಡ್ಕೊಡ್ತಾಳಾ? ಹೆಂಗೂ ಸುಮ್ನೆ ಕೂತಿರ್ತಾಳಲ್ಲ.”

ಸುಮ್ಮನೆ ಕೂತವಳಲ್ಲ. ಬೆಂಗಳೂರಿನ ಸುತ್ತಮುತ್ತಲ ಹಳೆಯ ಬಂಡೆಗಳನ್ನು ಸೀಳಿಕೊಂಡು ಕರಿಕಲ್ಲಿನ ಗೋಡೆಗಳು ನೆಲದೊಳಗೆ ಹಾದುಹೋಗಿವೆ. ಡೈಕ್ ಎನ್ನುತ್ತಾರೆ. ಅವುಗಳಲ್ಲಿ ದೊಡ್ಡದೊಂದು ಗುಂಪು ಸುಮಾರು 237 ಕೋಟಿ ವರ್ಷಗಳ ಹಿಂದೆ ಕಾದ ಶಿಲಾರಸ ಬಿರುಕಿಗೆ ನುಗ್ಗಿ ಹೆಪ್ಪುಗಟ್ಟಿದ್ದು. ಎಲ್ಲಿಂದ ನುಗ್ಗಿತು, ಯಾವ ದಿಕ್ಕಿಗೆ ಹರಿಯಿತು ಎಂದು ನೆತ್ತಿ ಸುಡುವ ಬಿಸಿಲಿನಲ್ಲಿ ಪತ್ತೆ ಮಾಡುವುದು ಅವಳ ಕಸುಬು. ಅದಕ್ಕಾಗಿ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಕಿರಿಯ ಫೆಲೋಶಿಪ್ ಗಿಟ್ಟಿಸಿದಳು. 2023ರ ಜನವರಿಯಿಂದ ಅದರ ದರ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಆದರೆ 42,000. ‘ತಿಂಗಳಿಗೆ’ ಎಂಬುದು ಆದೇಶದ ಭಾಷೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದು ನಮ್ಮ ಪಾವಗಡದ ಮಳೆಯಂತೆ: ಏಳು ತಿಂಗಳು ಬಾನು ನೋಡಿಸಿ ಒಂದು ರಾತ್ರಿ ಒಟ್ಟಿಗೆ ಸುರಿಯುತ್ತದೆ, ಬೆಳಗ್ಗೆ ನೋಡಿದರೆ ಹಾಸ್ಟೆಲ್ಲಿನ ಬಾಕಿಯ ಜೊತೆ ಕೊಚ್ಚಿಹೋಗಿರುತ್ತದೆ.

ಕರಿಕಲ್ಲಿನ ವಯಸ್ಸು ಹೇಳುವುದು ಅದರೊಳಗಿನ ಬ್ಯಾಡೆಲಿಯೈಟ್ ಎಂಬ ಕೂದಲೆಳೆಯಷ್ಟು ಸಣ್ಣ ಹರಳು. ಅದರಲ್ಲಿ ಸಿಕ್ಕಿಕೊಂಡ ಯುರೇನಿಯಂ-238 ಮೆಲ್ಲಗೆ ಸೀಸವಾಗುತ್ತ ಹೋಗುತ್ತದೆ. ಅರ್ಧ ಸವೆಯಲು 447 ಕೋಟಿ ವರ್ಷ. ನಿಧಾನ, ಒಪ್ಪೋಣ. ಆದರೆ ಇಷ್ಟು ಕಾಲದಲ್ಲಿ ಅದು ಒಂದು ದಿನವೂ ‘ಸರ್ವರ್ ಡೌನ್’ ಎಂದಿಲ್ಲ, ‘ಆ ಸೆಕ್ಷನ್ನಿನವರು ರಜೆಯ ಮೇಲಿದ್ದಾರೆ, ಸೋಮವಾರ ಬನ್ನಿ’ ಎಂದಿಲ್ಲ.

ಇನ್ನು ಸುತ್ತಿಗೆಯ ಪ್ರಸಂಗ. ಭೂವಿಜ್ಞಾನಿಯ ಸುತ್ತಿಗೆ ತಲೆಯಿಂದ ಹಿಡಿಯವರೆಗೆ ಒಂದೇ ಉಕ್ಕಿನ ತುಂಡು, ಒಂದು ಬದಿ ಚೌಕ, ಇನ್ನೊಂದು ಬದಿ ಚೂಪು. ಗಟ್ಟಿ ಬಂಡೆಗೆ ಹೊಡೆದಾಗ ಚೂರು ಸಿಡಿದು ಕಣ್ಣಿಗೆ ಬೀಳದಂತೆ ಹದಮಾಡಿದ ಉಕ್ಕು ಅದು. ಇದನ್ನೆಲ್ಲ ಬರೆದು ಅವಳು ಇಂಡೆಂಟ್ ಹಾಕಿದಳು. “ಸುತ್ತಿಗೆ ಅಂದ್ರೆ ಸುತ್ತಿಗೆ ಕಣಮ್ಮ, ಅದಕ್ಕ್ಯಾಕೆ ಒಂದು ಪುಟ?” ಎಂದರು ಗುಮಾಸ್ತರು. ಮೂರು ಕೊಟೇಷನ್, ಒಂದು ತುಲನಾ ಪಟ್ಟಿ, ನಾಲ್ಕು ಸಹಿ, ಕಡಿಮೆ ದರ ನಮೂದಿಸಿದವರಿಗೆ ಆರ್ಡರು. ಐದು ತಿಂಗಳಿಗೆ ಬಂದಿಳಿದದ್ದು ಮೊಳೆ ಕೀಳುವ ಕೊಂಬಿದ್ದ ಬಡಗಿಯ ಸುತ್ತಿಗೆ. ಮೂರನೇ ಏಟಿಗೆ ತಲೆ ಹಿಡಿಯನ್ನು ಬಿಟ್ಟು ಹಾರಿ ಲಂಟಾನ ಪೊದೆಯೊಳಗೆ ಅಂತರ್ಧಾನವಾಯಿತು. ಸ್ಟಾಕ್ ರಿಜಿಸ್ಟರಿನಲ್ಲಿ ಅದು ಇವತ್ತಿಗೂ ಸುಸ್ಥಿತಿಯಲ್ಲಿದೆ. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವೈಜ್ಞಾನಿಕ ಸಂಸ್ಥೆಗಳ ಖರೀದಿ ನಿಯಮವನ್ನು ಸಡಿಲಿಸಿ, ಕೊಟೇಷನ್ ಇಲ್ಲದೆ ಕೊಳ್ಳುವ ಮಿತಿಯನ್ನು ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿಸಿತು. ಆ ಸುದ್ದಿ ಹೇಳಿದಾಗ ಗುಮಾಸ್ತರು ಕನ್ನಡಕ ಒರೆಸಿಕೊಂಡು “ಪತ್ರಿಕೇಲಿ ನಾನೂ ಓದಿದೆ. ಆದೇಶದ ಪ್ರತಿ ಬರಲಿ” ಎಂದರು.

ಬೆಂಬಲವೇ ಇಲ್ಲ ಎನ್ನುವಂತಿಲ್ಲ. ಬೆಂಬಲಕ್ಕಾಗಿ ಒಂದು ದಿನದ ಕಾರ್ಯಾಗಾರವೇ ನಡೆಯಿತು. ಬಸ್ಸಿನ ದುಡ್ಡು ಉಳಿಯಲೆಂದು ಅವಳನ್ನು ನನ್ನ ಸ್ಕೂಟರಿನಲ್ಲಿ ಕರೆದೊಯ್ದೆ, ಊಟಕ್ಕೂ ಉಳಿದೆ. ‘ಯುವ ಭೂವಿಜ್ಞಾನಿಗಳಿಗೆ ಬೆಂಬಲ’ ಎಂದು ದಪ್ಪ ಅಕ್ಷರದ ಫ್ಲೆಕ್ಸು. ವೇದಿಕೆಯ ಮೇಲೆ ಒಂಬತ್ತು ಜನ, ಎಲ್ಲರೂ ಪಿಂಚಣಿದಾರರು ಅಥವಾ ಅದರ ಹೊಸ್ತಿಲಲ್ಲಿದ್ದವರು. ಒಂಬತ್ತು ಮೈಸೂರು ಪೇಟ, ಒಂಬತ್ತು ಶಾಲು, ಒಂಬತ್ತು ಹಣ್ಣಿನ ಬುಟ್ಟಿ. ಯುವ ಭೂವಿಜ್ಞಾನಿಗಳೂ ಇದ್ದರು. ಒಬ್ಬಳು ಹಾರದ ತಟ್ಟೆ ಹಿಡಿದಿದ್ದಳು, ಒಬ್ಬ ನೀರಿನ ಬಾಟಲಿ ಹಂಚುತ್ತಿದ್ದ, ಇನ್ನೊಬ್ಬ ಮೈಕಿನ ವೈರಿನ ಮೇಲೆ ಯಾರೂ ಎಡವದಂತೆ ಕಾಯುತ್ತಿದ್ದ. ನಮ್ಮ ಹುಡುಗಿ ಎಲ್ಲಿ ಎಂದು ಹುಡುಕಿದರೆ ಫ್ಲೆಕ್ಸಿನ ಹಿಂದಿದ್ದಳು. ಫ್ಯಾನಿನ ಗಾಳಿಗೆ ಅದು ಗಣ್ಯರ ತಲೆಯ ಮೇಲೆ ಬೀಳುವಂತಿತ್ತಂತೆ, ಎರಡು ಗಂಟೆ ಅದನ್ನು ಎತ್ತಿಹಿಡಿದು ನಿಂತಿದ್ದಳು. ಆ ದಿನ ಆ ಸಭಾಂಗಣದಲ್ಲಿ ನಾನು ಕಣ್ಣಾರೆ ಕಂಡ ಬೆಂಬಲ ಅದೊಂದೇ.

ಮುಖ್ಯ ಅತಿಥಿಗಳು ತಾಳ್ಮೆಯ ಮೇಲೆ ಮಾತಾಡಿದರು. ಲಾಲ್‌ಬಾಗಿನ ಬಂಡೆಯನ್ನು ನೋಡಿ ಕಲಿಯಿರಿ, 300 ಕೋಟಿ ವರ್ಷದಿಂದ ಗೊಣಗದೆ ಕೂತಿದೆ, ಮೇಲೆ ಕೆಂಪೇಗೌಡರ ಗೋಪುರವನ್ನೂ ಹೊತ್ತಿದೆ ಎಂದರು. “ಬಂಡೆಗೆ ಮೆಸ್ ಬಿಲ್ ಬರಲ್ಲ ಸಾರ್” ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದು ಚಪ್ಪಾಳೆಯಲ್ಲಿ ಮುಳುಗಿತು. ಮಧ್ಯಾಹ್ನ ಮಾನಸಿಕ ಒತ್ತಡ ನಿರ್ವಹಣೆ. ಆತಂಕವಾದಾಗ ದೀರ್ಘವಾಗಿ ಉಸಿರೆಳೆದು ನಿಧಾನವಾಗಿ ಬಿಡಬೇಕಂತೆ. ಏಳು ತಿಂಗಳ ಬಾಕಿಗೆ ಎಷ್ಟು ದೀರ್ಘ ಎಂಬ ಪ್ರಶ್ನೆಯನ್ನು ಸಮಯದ ಅಭಾವದಿಂದ ಕೈಬಿಡಲಾಯಿತು. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ, ಒಂದು ಫೈಲು, ಬರೆಯದ ಒಂದು ಪೆನ್ನು.

ಆ ಭಾಷಣಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರು ಮೂರು ಸಲ ಬಂತು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಮೊದಲ ಮುಖ್ಯಸ್ಥರಾಗಿ ಬಂದವರು ಅವರೇ, ಆಗ ಅವರಿಗೆ ಅರವತ್ತು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ಆಗಲೇ ನಿವೃತ್ತರು. ಈ ಅರವತ್ತನ್ನು ನಮ್ಮವರು ಎಷ್ಟು ಭಕ್ತಿಯಿಂದ ನೆನಪಿಟ್ಟರೆಂದರೆ, ಸಮಿತಿ, ಪೀಠ, ಆಯೋಗ ಏನೇ ಬರಲಿ, ಮೊದಲು ನಿವೃತ್ತರ ಮನೆಯ ಬಾಗಿಲು ತಟ್ಟುತ್ತಾರೆ. ಮರೆತದ್ದು ಇನ್ನೊಂದು ಲೆಕ್ಕ. ಫೂಟ್ ಸರ್ವೇಕ್ಷಣೆಗೆ ಸೇರಿದ್ದು 1858ರಲ್ಲಿ, ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಎತ್ತಿಕೊಂಡು ಭಾರತದ ಇತಿಹಾಸವನ್ನು ಲಕ್ಷಾಂತರ ವರ್ಷ ಹಿಂದಕ್ಕೆ ತಳ್ಳಿದಾಗ ಅವರಿಗೆ ಇಪ್ಪತ್ತೆಂಟು. ಅವರಿಗಾಗಿ ಯಾರೂ ಬೆಂಬಲದ ಕಾರ್ಯಾಗಾರ ಏರ್ಪಡಿಸಿದಂತಿಲ್ಲ. ಸಂಬಳ ಕೊಟ್ಟಿದ್ದರು.

ಈಗ ಇಪ್ಪತ್ತೆಂಟಕ್ಕೆ ಯುಟಿಲೈಸೇಷನ್ ಸರ್ಟಿಫಿಕೇಟ್ ತುಂಬುವ ವಯಸ್ಸು. ಪಿಎಚ್‌ಡಿ ಮುಗಿದರೆ ಅತಿಥಿ ಉಪನ್ಯಾಸಕ ಹುದ್ದೆ. ಹತ್ತು ವರ್ಷ ಅದೇ ಮೇಜಿನಲ್ಲಿ ಕೂತರೂ ಅತಿಥಿಯೇ, ರಜೆಯ ತಿಂಗಳುಗಳಲ್ಲಿ ಮಾತ್ರ ಅಪರಿಚಿತ. ಧೈರ್ಯಕ್ಕೊಂದು ಮಾತಿದೆ: ದೇಶದ ಯುವ ವಿಜ್ಞಾನಿ ಪುರಸ್ಕಾರಕ್ಕೆ ವಯಸ್ಸಿನ ಮಿತಿ 45. ತಲೆ ನರೆತರೂ ಯೌವನಕ್ಕೆ ಸರ್ಕಾರದ ರಕ್ಷಣೆಯಿದೆ.

ಮಳೆಗಾಲದಲ್ಲಿ ಮಾತ್ರ ಇವರ ಬೆಲೆ ಏರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು ಜಾರಿದಾಗ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ, ಟೀವಿಯವರು ‘ಭೂಗರ್ಭ ತಜ್ಞರು ಬೇಕು, ಅರ್ಜೆಂಟು’ ಎಂದು ಊರೆಲ್ಲ ಫೋನು ಹೊಡೆದರು. ನಮ್ಮವಳಿಗೂ ಬಂತು. ನನ್ನದು ಡೈಕು, ಗುಡ್ಡ ಕುಸಿತವಲ್ಲ ಎಂದರೆ, “ಪರವಾಗಿಲ್ಲ ಮೇಡಂ, ಮುಂದಿನದು ಯಾವ ಗುಡ್ಡ ಅಂತಷ್ಟೇ ಹೇಳಿ, ಬ್ರೇಕ್ ಆದ್ಮೇಲೆ ನಿಮ್ದೇ” ಎಂದರಂತೆ. ಗುಡ್ಡ ಒಣಗಿತು, ಫೋನೂ ಒಣಗಿತು.

ಕಳೆದ ತಿಂಗಳು, ಮದುವೆಮನೆಯ ಪಂಕ್ತಿಯಲ್ಲಿ ಬೋರ್ ಪಾಯಿಂಟ್ ಕೇಳಿದ್ದ ಯಜಮಾನರೊಬ್ಬರು ಬಿಡದೆ ಅವಳನ್ನು ತೋಟಕ್ಕೆ ಕರೆಸಿಕೊಂಡರು. ಅಲ್ಲಿ ಅವಳದ್ದೇ ಒಂದು ಡೈಕು ಹಾದುಹೋಗಿತ್ತು. ಕರಿಕಲ್ಲಿನ ಗೋಡೆ ನೆಲದಡಿಯ ನೀರಿಗೆ ಅಡ್ಡಗಟ್ಟೆ ಇದ್ದಂತೆ, ನೀರು ನಿಲ್ಲುವುದು ಸಾಮಾನ್ಯವಾಗಿ ಮೇಲ್ಬದಿಗೆ. ಅರ್ಧ ದಿನ ತಿರುಗಿ, ದಿಕ್ಸೂಚಿ ಹಿಡಿದು, ಮೇಲ್ಬದಿಯಲ್ಲೊಂದು ಕಡೆ ಗೂಟ ನೆಟ್ಟಳು. ಯಜಮಾನರು ತಲೆದೂಗಿ, ಎರಡನೇ ಅಭಿಪ್ರಾಯಕ್ಕೆಂದು ತೆಂಗಿನಕಾಯಿಯವನನ್ನು ಕರೆಸಿದರು. ಅವನು ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ತೋಟವೆಲ್ಲ ಸುತ್ತಿದ. ಗೂಟದ ಹತ್ತಿರ ಬಂದದ್ದೇ ತಡ, ಕಾಯಿ ಎದ್ದು ನಿಂತಿತು!

ಇನ್ನೂರೈವತ್ತು ಅಡಿಗೆ ನೀರು ಬಂತು. ಅವನಿಗೆ ಎಲೆಯಡಿಕೆಯ ಮೇಲೆ ಎರಡು ಸಾವಿರ, ಸ್ಥಳದಲ್ಲೇ, ನಗದು. ಯುಟಿಲೈಸೇಷನ್ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. ನಮ್ಮ ಹುಡುಗಿಗೆ ಆ ಕಾಯಿಯನ್ನೇ ಕೊಟ್ಟು, “ಚೆನ್ನಾಗಿ ಓದವ್ವ” ಎಂದು ಕಳಿಸಿದರು. ರೂಮಿನಲ್ಲಿ ಒಡೆಯೋಣವೆಂದರೆ ಸುತ್ತಿಗೆಯಿಲ್ಲ. ಹೊಸ್ತಿಲಿಗೆ ಕುಕ್ಕಿ ಒಡೆದು ಚಟ್ನಿ ಮಾಡಿಕೊಂಡಳಂತೆ, ಮೆಸ್ಸಿನವನು ಎರಡು ವಾರದಿಂದ ತಟ್ಟೆ ಕೊಡುತ್ತಿಲ್ಲ.